ಭಂಗಾರ, ಬಂಗಾರ

ಮಹಾರಾಷ್ಟ್ರಕ್ಕೆ ಹೊಸದಾಗಿ ಬಂದ ಕನ್ನಡಿಗನನ್ನು ಬೆರಗುಗೊಳಿಸುವ ಮಾತು ಯಾವುದೆಂದು ಯಾರಾದರೂ ಕೇಳಿದರೆ ನಾವು ಹಿಂದುಮುಂದು ನೋಡದೆ ಹೇಳಿಬಿಡುತ್ತೇವೆ: ಬೆಳಗಿನ ಹೊತ್ತು ಕೈಗಾಡಿ ತಳ್ಳಿಕೊಂಡು ಬರುವವನ "ಭಂಗಾರ್‌ವಾಲಾ!" ಎಂಬ ಕೂಗು. ನಮ್ಮ ಅಮ್ಮ 1966ರಲ್ಲಿ ಬೆಂಗಳೂರಿನಿಂದ ನಾಸಿಕಕ್ಕೆ ಬಂದ ಮೊದಲ ವಾರವೇ ಆ ಕೂಗನ್ನು ಕೇಳಿ, ಬಂಗಾರವನ್ನು ಸೊಪ್ಪಿನ ಹಾಗೆ ಬೀದಿಯಲ್ಲಿ ಕೂಗಿ ಮಾರುವ ಊರು ಎಷ್ಟು ಸಿರಿವಂತವಾದದ್ದೋ ಎಂದು ಬಾಗಿಲಿಗೆ ಓಡಿದ್ದಳಂತೆ. ಗಾಡಿಯಲ್ಲಿ ಕಂಡದ್ದು ತುಕ್ಕು ಹಿಡಿದ ಡಬ್ಬ, ಮುರಿದ ಕೊಡೆ, ಹಳೆಯ ಪೇಪರಿನ ಕಟ್ಟು. ಮರಾಠಿಯಲ್ಲಿ ಭಂಗಾರವೆಂದರೆ ಗುಜರಿ ಎಂದು ಪಕ್ಕದ ಮನೆಯಾಕೆ ಬಿಡಿಸಿ ಹೇಳಿದಾಗ ಅಮ್ಮ ನಕ್ಕಳೋ ನಾಚಿದಳೋ ನಮಗೆ ಗೊತ್ತಿಲ್ಲ. ಕಥೆಯಂತೂ ನಮ್ಮ ಮನೆಯಲ್ಲಿ ಪುರಾಣವಾಗಿ ಉಳಿಯಿತು.

ಒಂದು ಮಹಾಪ್ರಾಣ ಹೆಚ್ಚಾದರೆ ಬಂಗಾರವೇ ಗುಜರಿಯಾಗುವ ಈ ಸೀಮೆಯಲ್ಲಿ ನಾವು ನೆಲೆಸಿ ಅರವತ್ತು ವರ್ಷ ಸಮೀಪಿಸಿತು. ಆ ಮಹಾಪ್ರಾಣವನ್ನು ಕಳೆಯುವುದೂ ಸಾಧ್ಯವೆಂದು ನಮಗೆ ಗೊತ್ತಾದದ್ದು ಹೋದ ದೀಪಾವಳಿಯಲ್ಲಿ. ಆ ಸಂಗತಿಯನ್ನು ವಾಚಕರ ಮುಂದಿಡುತ್ತಿದ್ದೇವೆ.

ಅಪ್ಪ ಎಚ್.ಎ.ಎಲ್. ನೌಕರರಾಗಿದ್ದವರು. ಮಿಗ್ ವಿಮಾನಗಳನ್ನು ಕಟ್ಟುವುದಕ್ಕಾಗಿ ನಾಸಿಕದ ಬಳಿ ಓಝರಿನಲ್ಲಿ 1964ರಲ್ಲಿ ಕಾರ್ಖಾನೆ ಸ್ಥಾಪನೆಯಾದ ಮೇಲೆ ಬೆಂಗಳೂರಿನಿಂದ ಇತ್ತ ಬಂದ ಸಂಸಾರಗಳಲ್ಲಿ ನಮ್ಮದೂ ಒಂದು. ವಿಮಾನದ ಹೊಟ್ಟೆಯೊಳಗೆ ಹರಿದಾಡುವ ತಂತಿಗಳನ್ನು ಕಂತೆ ಕಟ್ಟಿ, ಗುರುತು ಹಾಕಿ, ಪರೀಕ್ಷೆ ಮಾಡಿ ಒಪ್ಪಿಸುವುದು ಅವರ ಕೆಲಸ. ನಮ್ಮ ಅಣ್ಣನಾದರೋ ಔರಂಗಾಬಾದಿನಲ್ಲಿ, ಅಂದರೆ 2023ರಿಂದ ಛತ್ರಪತಿ ಸಂಭಾಜಿನಗರವೆಂದು ಹೆಸರಾದ ಊರಿನಲ್ಲಿ, ಗಣಿತದ ಮೇಷ್ಟರಾದ.

1984-85ರಲ್ಲಿ ಕೇಂದ್ರ ಸರ್ಕಾರದ ಶಿಕ್ಷಣ ಇಲಾಖೆಯೂ ಎಲೆಕ್ಟ್ರಾನಿಕ್ಸ್ ಇಲಾಖೆಯೂ ಸೇರಿ 'ಕ್ಲಾಸ್' ಎಂಬ ಯೋಜನೆಯನ್ನು ತೆಗೆದವು. ಸ್ಕೂಲು ಮಕ್ಕಳಿಗೆ ಕಂಪ್ಯೂಟರಿನ ಪರಿಚಯ ಮಾಡಿಸುವುದು ಅದರ ಉದ್ದೇಶ; ಮೊದಲ ಕಂತಿಗೆ 250 ಪ್ರೌಢಶಾಲೆಗಳು. ಅದಕ್ಕೆಂದು ಆರಿಸಿದ್ದು ಇಂಗ್ಲೆಂಡಿನ ಕೇಂಬ್ರಿಜ್ ಪಟ್ಟಣದ ಅಕಾರ್ನ್ ಕಂಪೆನಿಯವರು 1981ರಲ್ಲಿ ಹೊರತಂದ 'ಬಿಬಿಸಿ ಮೈಕ್ರೊ' ಎಂಬ ಯಂತ್ರ. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆಯೂ ಅದನ್ನು ನಮ್ಮ ದೇಶದಲ್ಲೇ ತಯಾರಿಸಿತು. ಕೆನೆಬಣ್ಣದ ಅಗಲವಾದ ಪೆಟ್ಟಿಗೆ, ಮೇಲೆ ಕಪ್ಪು ಗುಂಡಿಗಳು, ಒಂದು ಸಾಲು ಕೆಂಪು ಗುಂಡಿ. ಅಣ್ಣನ ಕಾಲದಲ್ಲಿ ಅದನ್ನು ಮುಟ್ಟಬೇಕಾದರೆ ಮಕ್ಕಳು ಚಪ್ಪಲಿ ಬಿಟ್ಟು ಒಳಗೆ ಬರಬೇಕಾಗಿತ್ತು. ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಅದೇ ಯಂತ್ರ ಹಳೆಯ ಬೆಂಚುಗಳ ಜೊತೆಗೆ ಹರಾಜಿಗೆ ಬಂದಿತು. ಅಣ್ಣ ಅದನ್ನು ಕೊಂಡು ಆಟೋದಲ್ಲಿ ಮನೆಗೆ ತಂದ.

ಅಪ್ಪ ಆ ದಿನ ಅಲ್ಲಿಯೇ ಇದ್ದರು. "ಮಗಳ ಮದುವೆ ಎದುರಿಗಿರುವಾಗ ದುಡ್ಡು ಕೊಟ್ಟು ಈ ಭಂಗಾರ ಏಕೆ ತಂದೆ?" ಎಂದು ಒಂದೇ ಒಂದು ಮಾತು ಕೇಳಿದರು. ಅಣ್ಣ ಉತ್ತರ ಕೊಡಲಿಲ್ಲ. ಅಪ್ಪ ಮತ್ತೆ ಕೇಳಲೂ ಇಲ್ಲ. ಇಬ್ಬರೂ ಮಾತು ಕಡಮೆಯ ಜನ. ಆ ಯಂತ್ರವಿದ್ದ ಕೋಣೆಗೆ ಅಪ್ಪ ಮುಂದೆ ಎಂದೂ ಕಾಲಿಡಲಿಲ್ಲ. ಅಣ್ಣ ಎಂದೂ ಕರೆಯಲಿಲ್ಲ.

ಆ ಕೋಣೆಯಲ್ಲಿ ನಡೆಯುತ್ತಿದ್ದದ್ದು ಭಾನುವಾರದ ಕನ್ನಡ ಪಾಠ. ವಾಳೂಜ್, ಚಿಕಲಠಾಣಾ ಕಡೆಯ ಕಾರ್ಖಾನೆಗಳಲ್ಲಿ ಕೆಲಸಕ್ಕಿದ್ದ ನಮ್ಮವರ ಮಕ್ಕಳು ಹತ್ತು ಹದಿನೈದು ಜನ ಸೇರುತ್ತಿದ್ದರು. ಮನೆಯಲ್ಲಿ ಕನ್ನಡ ಆಡುತ್ತಿದ್ದರು, ಸ್ಕೂಲಿನಲ್ಲಿ ಕಲಿತದ್ದು ದೇವನಾಗರಿ. ಹೀಗಾಗಿ ಅಜ್ಜಿಯ ಕಾಗದ ಬಂದರೆ ಓದಲಾರರು. ಅವರಿಗಾಗಿ ಅಣ್ಣ ಗ್ರಾಫ್ ಕಾಗದದ ಮೇಲೆ ಅಕ್ಷರಕ್ಕೆ ಹದಿನಾರು ಸಾಲು, ಹದಿನಾರು ಕಂಬದ ಚೌಕ ಎಳೆದು, 256 ಮನೆಗಳಲ್ಲಿ ಯಾವುದು ಕಪ್ಪು ಯಾವುದು ಬಿಳಿ ಎಂದು ತುಂಬಿ, ಅದನ್ನು ಸಂಖ್ಯೆಗಳಾಗಿ ಮಾಡಿ, ಇಡೀ ವರ್ಣಮಾಲೆಯನ್ನು ಯಂತ್ರಕ್ಕೆ ಕಲಿಸಿದ. ಕನ್ನಡ ಬಾರದ ಯಂತ್ರ ಅವನ ಕೈಬರಹದಲ್ಲೇ ಅ ಆ ಇ ಈ ಬರೆಯತೊಡಗಿತು!

2019ರಲ್ಲಿ ಅಣ್ಣ ತೀರಿಕೊಂಡ. ಯಂತ್ರ ಅಟ್ಟ ಸೇರಿತು.

ಹೋದ ವರ್ಷ ಗಣೇಶನ ಹಬ್ಬದ ಮಾರನೆಯ ದಿನ ಅತ್ತಿಗೆ ಫೋನು ಮಾಡಿದರು. ಮನೆ ಮಾರಿಯಾಗಿದೆ, ದೀಪಾವಳಿ ಕಳೆದೊಡನೆ ಬೆಂಗಳೂರಿಗೆ ಮಗಳ ಮನೆಗೆ ಹೊರಡುವುದು. "ಅಟ್ಟದಲ್ಲಿರುವ ಅವರ ಯಂತ್ರವನ್ನು ಗುಜರಿಯವನಿಗೆ ಕೊಡುವುದಕ್ಕೆ ಮುಂಚೆ ಒಂದೇ ಒಂದು ಸಲ ಆ ಅಕ್ಷರಗಳನ್ನು ನೋಡಬೇಕು ಅಂತ ಆಸೆ. ನಿಮ್ಮ ಕೈಲಿ ಆಗುತ್ತದೆಯೇ?" ಎಂದರು. ಅಣ್ಣನ ಯಂತ್ರದ ವಿಷಯದಲ್ಲಿ ನಮಗಿದ್ದ ಜ್ಞಾನ ಸೊನ್ನೆ. ಆದರೂ ಹೂಂ ಎಂದೆವು. ಇಲ್ಲವೆನ್ನುವುದಕ್ಕೆ ನಾಲಗೆ ಏಳಲಿಲ್ಲ.

ನಾಸಿಕದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ತಂಗಿಯ ಮಗನನ್ನು ಕರೆದುಕೊಂಡು ಹೋಗಿ ಅಟ್ಟದಿಂದ ಎರಡು ಪೆಟ್ಟಿಗೆಗಳನ್ನು ಇಳಿಸಿದೆವು. ವರ್ಷಗಟ್ಟಲೆ ಸುಮ್ಮನಿದ್ದ ಇಂಥ ಯಂತ್ರಕ್ಕೆ ಏಕಾಏಕಿ ಕರೆಂಟು ಕೊಟ್ಟರೆ ಒಳಗಿನ ಹಳೆಯ ಕೆಪಾಸಿಟರು ಸಿಡಿದು ಮನೆಯೆಲ್ಲ ಹೊಗೆಯಾಗುತ್ತದೆಂದು ಹುಡುಗ ಮೊದಲೇ ಓದಿಕೊಂಡಿದ್ದ. ಅವನ್ನು ಬದಲಾಯಿಸಿ, ಹಳೆಯ ಟೀವಿಗೆ ಜೋಡಿಸಿ ಸ್ವಿಚ್ಚು ಒತ್ತಿದ. "ಬಿಬಿಸಿ ಕಂಪ್ಯೂಟರ್ 32ಕೆ" ಎಂಬ ಅಕ್ಷರಗಳು ಮೂಡಿದವು. ಫ್ಲಾಪಿಯಿಂದ ಅಣ್ಣನ ಪಾಠವನ್ನು ಕರೆದರೆ ಮಾತ್ರ ಬಂದ ಉತ್ತರ: "ಬ್ಯಾಡ್ ಮೋಡ್."

"ಪಾಪ, ಮೂಡು ಕೆಟ್ಟಿದೆಯೇನೋ" ಎಂದರು ಅತ್ತಿಗೆ.

ಅದಕ್ಕೆ ಕಾರಣವನ್ನು ಹುಡುಗ ವಿವರಿಸಿದ. ನಾವು ಅರ್ಥ ಮಾಡಿಕೊಂಡದ್ದು ಹೀಗೆ: ಆ ಯಂತ್ರದ ಜ್ಞಾಪಕಶಕ್ತಿ ಒಟ್ಟು 32 ಕಿಲೋಬೈಟು, ಒಂದು ಕೋಣೆಯ ಸಂಸಾರವಿದ್ದಂತೆ. ಅಣ್ಣನ ಪಾಠಕ್ಕೆ ಬೇಕಾದಂಥ ಚಿತ್ರದ ತೆರೆಯನ್ನು ಹಾಸಿದರೆ ಅದೊಂದೇ 20 ಕಿಲೋಬೈಟನ್ನು ಹಿಡಿಯುತ್ತದೆ. ಯಂತ್ರದ ಸ್ವಂತ ಖರ್ಚು, ಫ್ಲಾಪಿಯ ಖರ್ಚು ಕಳೆದರೆ ಪಾಠಕ್ಕೆ ಉಳಿಯುವುದು ಆರು ಕಿಲೋಬೈಟಿಗೂ ಕಡಮೆ. ಅಣ್ಣನ ಅಕ್ಷರಗಳ ಸಂಖ್ಯೆಗಳನ್ನು ಇಡುವುದಕ್ಕೇ ಆ ಜಾಗ ಸಾಲುವಂತಿರಲಿಲ್ಲ. ಇನ್ನು ಪದಗಳೆಲ್ಲಿ, ಪ್ರಶ್ನೆಗಳೆಲ್ಲಿ?

ಎರಡನೆಯ ಪೆಟ್ಟಿಗೆ ಇದ್ದದ್ದು ಅದಕ್ಕಾಗಿಯೇ. ಇಂಗ್ಲೆಂಡಿನಿಂದ ಮರಳಿದ ಸ್ನೇಹಿತರೊಬ್ಬರು ಅಣ್ಣನಿಗೆ ಕೊಟ್ಟದ್ದು ಅದು. 'ಸೆಕೆಂಡ್ ಪ್ರೊಸೆಸರ್' ಎಂದು ಹೆಸರು. ಅದರೊಳಗೆ ಬೇರೆಯೇ ಒಂದು ಮಿದುಳು, ಅದಕ್ಕೆ 64 ಕಿಲೋಬೈಟಿನ ಸ್ವಂತ ಜ್ಞಾಪಕ. ಮೂಲಯಂತ್ರದ ಮಿದುಳು ಸೆಕೆಂಡಿಗೆ 20 ಲಕ್ಷ ಸಲ ಮಿಡಿದರೆ ಇದು 30 ಲಕ್ಷ ಸಲ ಮಿಡಿಯುತ್ತದೆ. ಎರಡನ್ನೂ ಸೇರಿಸಿದರೆ ಹಳೆಯ ಯಂತ್ರ ಹಜಾರದಲ್ಲಿ ಕುಳಿತು ಬಂದವರನ್ನು ಮಾತನಾಡಿಸುತ್ತದೆ, ಅಂದರೆ ಗುಂಡಿ, ತೆರೆ, ಫ್ಲಾಪಿಗಳ ಯೋಗಕ್ಷೇಮ ಅದರದು. ಅಡಿಗೆಮನೆಯ ಕೆಲಸವೆಲ್ಲ ಎರಡನೆಯ ಪೆಟ್ಟಿಗೆಯದು. ಇವೆರಡರ ನಡುವೆ ಮಾತುಕತೆ ನಡೆಯುವುದು ನಲವತ್ತು ಎಳೆಗಳ ಒಂದು ಚಪ್ಪಟೆ ತಂತಿಯ ಮೂಲಕ. ಅಂಗಡಿಯವರು ಅದಕ್ಕೆ ರಿಬ್ಬನ್ ಕೇಬಲು ಎನ್ನುತ್ತಾರೆ.

ಆ ರಿಬ್ಬನ್ನನ್ನು ಗಣೇಶನ ವಾಹನ ತಿಂದುಹಾಕಿತ್ತು. ಬೂದುಬಣ್ಣದ ಪಟ್ಟಿಯ ಗೇಣುದ್ದದಲ್ಲಿ ನಾಲ್ಕು ಕಡೆ ಕಚ್ಚಿದ ಗುರುತು. ತಾಮ್ರದ ಎಳೆಗಳು ಹುಲ್ಲಿನಂತೆ ಕೆದರಿದ್ದವು.

ಈ ಬಗೆಯ ತಂತಿಯನ್ನು ಕುರಿತು ಹುಡುಗ ಇನ್ನೊಂದು ಸ್ವಾರಸ್ಯ ಹೇಳಿದ. ಅದೇ ಅಕಾರ್ನ್ ಕಂಪೆನಿಯ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಎಂಬಿಬ್ಬರು ಎ.ಆರ್.ಎಂ. ಎಂಬ ಹೊಸ ಮಿದುಳನ್ನು ರಚಿಸಿದರು. ಅದು ಮೊದಲ ಸಲ ಕಣ್ಣು ತೆರೆದದ್ದು 1985ರ ಏಪ್ರಿಲ್ 26ರಂದು, ಒಂದು ಬಿಬಿಸಿ ಮೈಕ್ರೊ ಯಂತ್ರಕ್ಕೆ ಎರಡನೆಯ ಮಿದುಳಾಗಿ. ಎಷ್ಟು ವಿದ್ಯುತ್ತನ್ನು ಹೀರುತ್ತಿದೆಯೆಂದು ಅಳೆದರೆ ಮಾಪಕ ಸೊನ್ನೆ ತೋರಿಸಿತಂತೆ! ನೋಡಿದರೆ ಅದಕ್ಕೆ ಕೊಡಬೇಕಾದ ಕರೆಂಟನ್ನೇ ಜೋಡಿಸಿರಲಿಲ್ಲ. ಅಕ್ಕಪಕ್ಕದ ತಂತಿಗಳಿಂದ ಸೋರಿದಷ್ಟರಲ್ಲೇ ಅದು ಕೆಲಸ ಮಾಡುತ್ತಿತ್ತು. ಈಗ ನಮ್ಮ ನಿಮ್ಮ ಜೇಬಿನ ಮೊಬೈಲು ಫೋನುಗಳಲ್ಲಿರುವುದು ಅದರ ಸಂತತಿಯೇ. ಅಣ್ಣನ 'ಭಂಗಾರ'ದ ಕುಲಗೋತ್ರ ಇಷ್ಟು ದೊಡ್ಡದೆಂದು ನಾವು ಕನಸಿನಲ್ಲೂ ಎಣಿಸಿರಲಿಲ್ಲ.

ಸರಿ, ನಾಸಿಕಕ್ಕೆ ಹಿಂದಿರುಗಿ ರಿಬ್ಬನ್ನಿನ ಬೇಟೆ ಶುರುವಾಯಿತು. ಎಂ.ಜಿ. ರೋಡಿನ ಒಂದು ಅಂಗಡಿಯಲ್ಲಿ ಹಳೆಯ ಹಾರ್ಡ್ ಡಿಸ್ಕಿನ ಕೇಬಲನ್ನು ತೆಗೆದು, "ಇದೂ ನಲವತ್ತೇ, ತೊಗೊಂಡು ಹೋಗಿ" ಎಂದರು. ಸಾಕೆಟ್ಟಿನಲ್ಲಿ ತೂತುಗಳೇನೋ ನಲವತ್ತರ ಲೆಕ್ಕ. ಅವುಗಳಲ್ಲಿ ಇಪ್ಪತ್ತನೆಯದನ್ನು ಮುಚ್ಚಿದ್ದರು. ಗುಂಡುಸೂಜಿಯಿಂದ ಕೊರೆದು ತೆರೆಯೋಣವೆಂದು ನಾವು ಹೊರಟಿದ್ದೆವು, ಹುಡುಗ ಕೈ ಹಿಡಿದ. ಆ ಪಟ್ಟಿಯಲ್ಲಿರುವುದು ಎಂಬತ್ತು ಎಳೆ. ಹಲವು ತೂತುಗಳನ್ನು ಒಳಗೊಳಗೇ ಭೂಮಿಗೆ ಸೇರಿಸಿಬಿಟ್ಟಿರುತ್ತಾರೆ. ನಮ್ಮ ಯಂತ್ರದಲ್ಲಿ ಅದೇ ಸ್ಥಾನಗಳಲ್ಲಿ ಮುಖ್ಯ ಸಂಕೇತಗಳು ಹರಿಯುತ್ತವೆ. ಸಿಕ್ಕಿಸಿದ್ದರೆ ಏನು ಸುಡುತ್ತಿತ್ತೋ ದೇವರೇ ಬಲ್ಲ. ಮುಚ್ಚಿದ ಆ ಒಂದು ತೂತು ನಮ್ಮ ಮಾನ ಉಳಿಸಿತು.

ಕೊನೆಗೆ ಮುಂಬಯಿಯ ನೆಂಟರೊಬ್ಬರು ಲ್ಯಾಮಿಂಗ್ಟನ್ ರೋಡಿನಿಂದ ಒಂದು ಮೀಟರು ರಿಬ್ಬನ್ನನ್ನೂ ನಾಲ್ಕು ಸಾಕೆಟ್ಟುಗಳನ್ನೂ ಕಳಿಸಿಕೊಟ್ಟರು. ಎಳೆಯಿಂದ ಎಳೆಗೆ 1.27 ಮಿಲಿಮೀಟರು, ನಲವತ್ತು ಸೇರಿದರೆ ಎರಡಂಗುಲ ಅಗಲ. ಒಂದು ಅಂಚಿನ ಎಳೆಗೆ ಕೆಂಪು ಬಣ್ಣ.

ಈ ಸಾಕೆಟ್ಟಿನ ಕೆಲಸದಲ್ಲಿ ತಂತಿ ಸುಲಿಯುವುದಿಲ್ಲ, ಬೆಸುಗೆ ಹಾಕುವುದೂ ಇಲ್ಲ. ಸಾಕೆಟ್ಟಿನ ಬೆನ್ನಿನಲ್ಲಿ ನಲವತ್ತು ಸಣ್ಣ ಕವಲುಮುಳ್ಳುಗಳಿವೆ. ಪಟ್ಟಿಯನ್ನು ಅವುಗಳ ಮೇಲಿಟ್ಟು ಮುಚ್ಚಳವನ್ನು ಒತ್ತಿದರೆ ಪ್ರತಿ ಮುಳ್ಳೂ ತನ್ನ ಪಾಲಿನ ಎಳೆಯ ಹೊದಿಕೆಯನ್ನು ಸೀಳಿ ತಾಮ್ರವನ್ನು ಎರಡೂ ಕಡೆಯಿಂದ ಕಚ್ಚಿಕೊಳ್ಳುತ್ತದೆ. ಇಷ್ಟೇ ತಾನೆ ಎಂದು ನಾವು ಸುತ್ತಿಗೆ ಎತ್ತಿಕೊಂಡು ಒಂದೇಟು ಹಾಕಿದೆವು. ಮುಚ್ಚಳ ಎರಡು ಹೋಳಾಯಿತು.

ಒಳಗೆ ಕಣ್ಣು ಮುಚ್ಚಿಕೊಂಡು ರೇಡಿಯೋ ಕೇಳುತ್ತಿದ್ದ ಅಪ್ಪ ಆ ಸದ್ದಿಗೆ ಎದ್ದು ಬಂದರು. ಅವರಿಗೀಗ ಎಂಬತ್ತೆಂಟು. ಮೇಜಿನ ಮೇಲಿದ್ದ ರಿಬ್ಬನ್ನನ್ನು ಎತ್ತಿ, ಬೆರಳಿನಿಂದ ಸವರಿ, "ಯಾವುದಕ್ಕೋ ಇದು?" ಎಂದರು.

"ಅಣ್ಣನ ಯಂತ್ರಕ್ಕೆ" ಎಂದೆವು.

ಸ್ವಲ್ಪ ಹೊತ್ತು ಅವರು ಏನೂ ಹೇಳಲಿಲ್ಲ. ಆಮೇಲೆ, "ತಂತಿಗೆ ಸುತ್ತಿಗೆ ಹಾಕುತ್ತಾರೇನೋ ಕತ್ತೆ? ವೈಸ್ ತರಿಸು. ನನ್ನ ಕನ್ನಡಕ ಎಲ್ಲಿ?" ಎಂದರು.

ಸಾತಪುರದ ವರ್ಕ್‌ಶಾಪಿನಿಂದ ಒಂದು ಬೆಂಚ್ ವೈಸ್ ಬಂದಿತು. ನಮ್ಮ ಮನೆಯಾಕೆಯ ಎರಡು ಮರದ ಸೌಟುಗಳ ಹಿಡಿ ಕತ್ತರಿಸಿ ಸಮ ಮಾಡಿ ಅದರ ಎರಡು ದವಡೆಗೂ ಇಟ್ಟೆವು (ಆ ವಿಷಯದಲ್ಲಿ ಆದ ವಾಗ್ವಾದವನ್ನು ಇಲ್ಲಿ ಬರೆಯುವುದಿಲ್ಲ). ಅಪ್ಪ ಹಳೆಯ ಪಟ್ಟಿಯನ್ನು ಅಳೆದು, ಅಷ್ಟೇ ಉದ್ದಕ್ಕೆ ಹೊಸದನ್ನು ಕತ್ತರಿಸಿದರು. ಕೈಗೆ ಅನುಕೂಲವಾಗಲೆಂದು ಒಂದು ಮೊಳ ಹೆಚ್ಚಿಗೆ ಇಡೋಣವೇ ಎಂದರೆ, "ಉದ್ದವಾದಷ್ಟೂ ಸಂಕೇತ ಕೆಡುತ್ತದೆ. ಮೂಲದ ಅಳತೆಯನ್ನು ಮೀರಬಾರದು" ಎಂದರು. ಹುಡುಗ ತಂದಿದ್ದ ನಕ್ಷೆಯನ್ನು ನೋಡಿ ಅವರಿಗೆ ಸಂತೋಷವಾಯಿತು. ಸರಿಸಂಖ್ಯೆಯ ಇಪ್ಪತ್ತು ಎಳೆಗಳು ಸಂಕೇತ ಒಯ್ಯುತ್ತವೆ. ಬೆಸಸಂಖ್ಯೆಯವುಗಳಲ್ಲಿ ಹದಿನೈದು ಭೂಮಿ, ಕೊನೆಯ ಐದು 5 ವೋಲ್ಟು. "ನೋಡಿದೆಯಾ, ಮಾತನಾಡುವ ಪ್ರತಿ ಎಳೆಯ ಪಕ್ಕದಲ್ಲೂ ಸುಮ್ಮನಿರುವ ಒಂದು ಎಳೆ. ಇಲ್ಲದಿದ್ದರೆ ಒಂದರ ಮಾತು ಇನ್ನೊಂದರ ಕಿವಿಗೆ ಬಿದ್ದು ಗದ್ದಲವಾಗುತ್ತದೆ. ವಿಮಾನದಲ್ಲೂ ಹೀಗೇ ಮಾಡುತ್ತಿದ್ದೆವು" ಎಂದರು.

ಸಾಕೆಟ್ಟಿನ ಮೇಲೆ ಒಂದನೆಯ ತೂತಿಗೆ ಸಣ್ಣ ತ್ರಿಕೋನದ ಗುರುತಿರುತ್ತದೆ. ಕೆಂಪು ಎಳೆ ಎರಡು ತುದಿಯಲ್ಲೂ ಆ ತ್ರಿಕೋನದ ಕಡೆಗೇ ಬರಬೇಕು. ತಿರುವುಮುರುವಾದರೆ ಸಂಕೇತದ ಎಳೆಗೆ 5 ವೋಲ್ಟು ನುಗ್ಗುತ್ತದೆ. ಅಪ್ಪ ಅದನ್ನು ಮೂರು ಸಲ ನೋಡಿ, ನಮ್ಮಿಂದ ಮೂರು ಸಲ ಹೇಳಿಸಿ, ಆಮೇಲೆ ವೈಸಿನ ಹಿಡಿಯನ್ನು ಕಾಲು ಸುತ್ತು, ಕಾಲು ಸುತ್ತು ತಿರುಗಿಸಿದರು. ಕೈ ನಡುಗುತ್ತಿತ್ತು, ಹಿಡಿಯನ್ನು ಮುಟ್ಟಿದೊಡನೆ ನಿಂತುಬಿಟ್ಟಿತು. ಕಟಕ್ ಎಂಬ ಸಣ್ಣ ಸದ್ದು. ಒಂದು ತುದಿ ಮುಗಿಯಿತು.

ಎರಡೂ ತುದಿಯಾದ ಮೇಲೆ ಪರೀಕ್ಷೆ. ಮಲ್ಟಿಮೀಟರಿನ ಕಡ್ಡಿಯನ್ನು ಎಳೆಯ ಎರಡು ಕೊನೆಗೂ ಮುಟ್ಟಿಸಿದರೆ ಕೀ ಎನ್ನಬೇಕು. ಎಣಿಸುವ ಕೆಲಸ ನಮ್ಮ ಏಳು ವರ್ಷದ ಮೊಮ್ಮಗಳದು. "ಕನ್ನಡದಲ್ಲಿ ಎಣಿಸು ಪುಟ್ಟಿ" ಎಂದರು ಅಪ್ಪ. ಹದಿನೇಳರ ತನಕ ಕೀ, ಕೀ ಎಂದು ಸರಾಗವಾಗಿ ನಡೆಯಿತು. "ಹದಿನೆಂಟು" ಎಂದಳು. ಸದ್ದಿಲ್ಲ. ಮತ್ತೊಮ್ಮೆ "ಹದಿನೆಂಟು!" ಎಂದು ಕೂಗಿದಳು. ಆಗಲೂ ಇಲ್ಲ. ಮುಳ್ಳು ತಾಮ್ರವನ್ನು ಸರಿಯಾಗಿ ಕಚ್ಚಿರಲಿಲ್ಲ. ದತ್ತಾಂಶ ಒಯ್ಯುವ ಎಂಟು ಎಳೆಗಳಲ್ಲಿ ಅದೂ ಒಂದು. ಅದಿಲ್ಲದೆ ಇವೆರಡರ ನಡುವೆ ಒಂದು ಮಾತೂ ನೆಟ್ಟಗೆ ದಾಟುವಂತಿಲ್ಲ. ಇನ್ನೊಂದು ಸಾರಿ ಒತ್ತಿದರೆ ಸಾಕಲ್ಲವೇ ಎಂದೆವು ನಾವು. ಅಪ್ಪ ಆ ತುದಿಯನ್ನು ಕತ್ತರಿಸಿ ಎಸೆದರು. "ಒಮ್ಮೆ ಕಚ್ಚಿ ಬಿಟ್ಟದ್ದನ್ನು ನಂಬಬಾರದು" ಎಂದು ಹೊಸ ಪಟ್ಟಿ, ಉಳಿದಿದ್ದ ಕೊನೆಯ ಸಾಕೆಟ್ಟು, ಜೊತೆಗೆ ಇನ್ನೊಂದು ತುದಿಯಿಂದ ಜೋಪಾನವಾಗಿ ಬಿಡಿಸಬಹುದೇ ಎಂದು ನೋಡಿದರು. ಅದಕ್ಕೂ ಮನಸ್ಸೊಪ್ಪದೆ ಮುಂಬಯಿಗೆ ಮತ್ತೆ ಫೋನು ಮಾಡಿಸಿದರು. ಒಂದು ವಾರ ಕಾದೆವು.

ಎರಡನೆಯ ಸಲ ಮೊಮ್ಮಗಳು ಹದಿನೆಂಟನ್ನು ದಾಟಿದಳು. ಇಪ್ಪತ್ತರ ಮೇಲೆ ಅವಳ ಕನ್ನಡ ನಿಂತು ಮರಾಠಿ ಬಂದಿತು: "ಏಕವೀಸ್, ಬಾವೀಸ್..." ಅಪ್ಪ ಕಡ್ಡಿ ಎತ್ತಿಬಿಟ್ಟರು. "ಇಪ್ಪತ್ತೊಂದು ಅನ್ನು, ಆಮೇಲೆ ಮುಟ್ಟಿಸುತ್ತೇನೆ." ಹೀಗೆ ಕೀ ಎಂಬ ಒಂದೊಂದು ಸದ್ದಿಗೂ ಒಂದೊಂದು ಕನ್ನಡ ಸಂಖ್ಯೆಯ ಬೆಲೆ ತೆತ್ತು ನಲವತ್ತು ಮುಟ್ಟಿದೆವು. ಅನಂತರ ಅಕ್ಕಪಕ್ಕದ ಎಳೆಗಳು ಒಂದಕ್ಕೊಂದು ತಾಗಿಲ್ಲವೆಂಬುದಕ್ಕೆ ಮೂವತ್ತೊಂಬತ್ತು ಪರೀಕ್ಷೆ. ಅಲ್ಲಿ ಸದ್ದು ಬರಬಾರದು, ಬರಲಿಲ್ಲ. ಅಷ್ಟು ಹೊತ್ತಿಗೆ ಹುಡುಗಿಗೆ ಎಣಿಕೆ ಬಾಯಿಪಾಠವಾಗಿತ್ತು.

ದೀಪಾವಳಿಗೆ ಎರಡು ದಿನ ಮುಂಚೆ ನಾವೆಲ್ಲ ನಾಸಿಕ್ ರೋಡಿನಲ್ಲಿ ತಪೋವನ ಎಕ್ಸ್‌ಪ್ರೆಸ್ ಹತ್ತಿದೆವು. ಅಪ್ಪ ಬರುವುದು ಬೇಡವೆಂದು ಮನೆಯವರೆಲ್ಲ ಹೇಳಿದೆವು. "ನಾನು ಕಟ್ಟಿದ ತಂತಿಗೆ ಕರೆಂಟು ಬಿಡುವಾಗ ನಾನು ಎದುರಿಗಿರಬೇಕು" ಎಂದು ಅವರು ಹಟ ಹಿಡಿದರು. ಚಕ್ಕುಲಿ ಡಬ್ಬದ ಮೇಲೆ ರಿಬ್ಬನ್ನನ್ನು ಇಟ್ಟುಕೊಂಡು, ಮನಮಾಡು ದಾಟುವವರೆಗೂ ಅದರ ಮೇಲಿನ ಕೈ ತೆಗೆಯಲಿಲ್ಲ.

ಅಣ್ಣನ ಕೋಣೆಯ ಬಾಗಿಲಲ್ಲಿ ಅವರು ಒಂದು ಗಳಿಗೆ ನಿಂತರು. "ಬನ್ನಿ ಮಾವ" ಎಂದು ಅತ್ತಿಗೆ ಕುರ್ಚಿ ಎಳೆದರು. ಹುಡುಗ ಯಂತ್ರವನ್ನು ಮೇಲೆತ್ತಿ ಅದರ ಹೊಟ್ಟೆಯ ಕೆಳಗಿನ ಕೊಂಡಿಗೆ ರಿಬ್ಬನ್ನನ್ನು ಸಿಕ್ಕಿಸಿದ. ಮೊದಲು ಪೆಟ್ಟಿಗೆಯ ಸ್ವಿಚ್ಚು, ಆಮೇಲೆ ಯಂತ್ರದ್ದು. ಟೀವಿಯ ಮೇಲೆ ಈ ಸಲ ಬೇರೆ ಸಾಲು ಬಂದಿತು: "ಅಕಾರ್ನ್ ಟ್ಯೂಬ್ 6502 64ಕೆ." ಹುಡುಗ ಚಪ್ಪಾಳೆ ತಟ್ಟಿದ. ನಮಗೆ ಅರ್ಥವಾಗದಿದ್ದರೂ ತಟ್ಟಿದೆವು.

ಫ್ಲಾಪಿ ಗರಗರನೆ ತಿರುಗಿತು. ತೆರೆ ಬರಿದಾಯಿತು. ಕಪ್ಪಿನ ಮೇಲೆ ಬೆಳ್ಳಗೆ, ಅಂಗೈಯಗಲ, 'ಅ' ಮೂಡಿತು. ಅದರ ಕೆಳಗೆ 'ಅಜ್ಜಿ'. ಆಮೇಲೆ 'ಆ', 'ಆಟೋ'. ಒಂದೊಂದಾಗಿ ಬರುತ್ತ ಹೋದವು. ನಾವು ಯಾರೂ ಮಾತನಾಡಲಿಲ್ಲ. 'ಕ' ಬಂದಾಗ ಅತ್ತಿಗೆ ಮೆಲ್ಲಗೆ, "ಅವರ 'ಕ' ಯಾವಾಗಲೂ ಹೀಗೇ, ಬಲಕ್ಕೆ ವಾಲುತ್ತಿತ್ತು" ಎಂದರು. ಸೀರೆಯ ಸೆರಗಿನಿಂದ ಕನ್ನಡಕ ಒರಸಿಕೊಂಡು ಮತ್ತೆ ನೋಡಿದರು.

'ಬ' ಬಂದಿತು. ಕೆಳಗೆ ಪದ: 'ಬಂಗಾರ'. ಅದರ ಹಿಂದೆಯೇ 'ಭ'. ಕೆಳಗೆ: 'ಭಂಗಾರ'. ಮಗ್ಗುಲಲ್ಲಿ ಚಿಕ್ಕದೊಂದು ಪೆಟ್ಟಿಗೆಯ ಚಿತ್ರ, ಗುಂಡಿಗಳೂ ಇದ್ದವು. ಅದು ಯಾವ ಪೆಟ್ಟಿಗೆಯೆಂದು ಯಾರೂ ಹೇಳಬೇಕಾಗಿರಲಿಲ್ಲ.

ಅಪ್ಪ ನಕ್ಕರು. ನಗುತ್ತ ನಗುತ್ತ ಅವರ ದನಿ ಬದಲಾಯಿತು. "ನನ್ನ ಮಾತನ್ನು ಮಕ್ಕಳ ಪಾಠಕ್ಕೆ ಸೇರಿಸಿಬಿಟ್ಟಿದ್ದಾನೆ ನೋಡು" ಎಂದರು. ಆ ಮೇಲೆ ಬಹಳ ಹೊತ್ತು ಮಾತಿಲ್ಲ. ಮೊಮ್ಮಗಳು ತೆರೆಗೆ ಮೂಗು ತಾಗಿಸಿ ಮುಂದಿನ ಅಕ್ಷರಗಳನ್ನು ತಾನೇ ಓದತೊಡಗಿದಳು.

ಅತ್ತಿಗೆ ಬೆಂಗಳೂರಿಗೆ ಹೋದರು. ಫ್ಲಾಪಿಗಳಲ್ಲಿದ್ದದ್ದನ್ನೆಲ್ಲ ಹುಡುಗ ಹೊಸ ಕಂಪ್ಯೂಟರಿಗೆ ನಕಲು ಮಾಡಿ ಅವರಿಗೂ ಒಂದು ಪ್ರತಿ ಕೊಟ್ಟಿದ್ದಾನೆ. ಎರಡು ಪೆಟ್ಟಿಗೆಗಳೂ ನಾಸಿಕದಲ್ಲಿ ಅಪ್ಪನ ಮೇಜಿನ ಮೇಲಿವೆ. ಇಲಿ ಬಾರದಂತೆ ಸುತ್ತ ತಂತಿಬಲೆ. ಭಾನುವಾರ ಬೀದಿಯ ಎರಡು ಮೂರು ಕನ್ನಡ ಮಕ್ಕಳು ಬರುತ್ತಿದ್ದಾರೆ. ಅಪ್ಪ ಕುರ್ಚಿಯಲ್ಲಿ ಕುಳಿತು ಅವರಿಂದ ನಲವತ್ತರ ತನಕ ಎಣಿಸುತ್ತಾರೆ, ಆಮೇಲೆಯೇ ಸ್ವಿಚ್ಚು.

ಮೊನ್ನೆ ಪಾಠದ ನಡುವೆ ಬೀದಿಯಲ್ಲಿ "ಭಂಗಾರ್‌ವಾಲಾ!" ಎಂಬ ಕೂಗು ಕೇಳಿತು. ಅಪ್ಪ ಕಿಟಕಿಯಿಂದ ತಲೆ ಹಾಕಿ, ತಮ್ಮ ಅರವತ್ತು ವರ್ಷದ ಹಳೆಯ ಮರಾಠಿಯಲ್ಲಿ, "ಆಜ್ ಕಾಹೀ ನಾಹೀ, ಬಾಬಾ" ಎಂದು ಅವನನ್ನು ಮುಂದೆ ಕಳಿಸಿದರು.